ಕರೆಂಟಕ್ಕ ಆರಿಸಿದ ಮೀಟರ್

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಂಟಕ್ಕ ಅಂತಲೇ ಕರೆಯುತ್ತಿದ್ದರು. ಒಗೆಯುವ ಯಂತ್ರ ಮುನಿಸಿಕೊಳ್ಳಲಿ, ಒಣಗಿಸುವ ಯಂತ್ರ ಮುಷ್ಕರ ಹೂಡಲಿ, ಅವಳೇ ಬಂದು ರಮಿಸಬೇಕು. ಇಪ್ಪತ್ತೆರಡು ವರ್ಷದ ಸರ್ವೀಸು. ಉಳಿದವರು ಸದ್ದು ಕೇಳಿ, ವಾಸನೆ ಹಿಡಿದು ದೋಷ ಊಹಿಸುತ್ತಿದ್ದ ಕಾಲದಲ್ಲೇ ಅವಳ ಹತ್ತಿರ ವೋಲ್ಟೇಜ್ ಅಳೆಯುವ ಸ್ವಂತದ ಮಲ್ಟಿಮೀಟರ್ ಇತ್ತು. ಹಳದಿ ರಬ್ಬರ್ ಕವಚದ ಅದನ್ನು ಯಾರಾದರೂ ಎರವಲು ಕೇಳಿದರೆ, ಹಲ್ಲುಜ್ಜೋ ಬ್ರಷ್ ಎರವಲು ಕೊಡ್ತಾರಾ ಅನ್ನುವಳು. ಈ ಮಾತಿಗೆ ಒಬ್ಬರೂ ನಕ್ಕವರಿಲ್ಲ. ಆದರೂ ವಾರಕ್ಕೊಮ್ಮೆಯಾದರೂ ಹೇಳದೆ ಬಿಟ್ಟವಳಲ್ಲ.

ಆ ವರ್ಷ ಒಣಗಿಸುವ ಯಂತ್ರದ ಮೋಟಾರ್ ಎರಡು ಸಲ ಸುಟ್ಟುಹೋಯಿತು. ಕರೆಂಟಕ್ಕ ಸಾಕೆಟ್ಟಿಗೆ ಮೀಟರ್ ಹಿಡಿದಳು. ಇರಬೇಕಾದದ್ದು ಇನ್ನೂರ ಮೂವತ್ತು ವೋಲ್ಟಿನ ಆಸುಪಾಸು, ತೋರಿಸಿದ್ದು ಇನ್ನೂರ ಅರವತ್ತೆಂಟು. ಕಳ್ಳನನ್ನು ಕೈಯಾರೆ ಹಿಡಿದಷ್ಟು ಖುಷಿಯಾಯಿತು ಅವಳಿಗೆ. ವಿದ್ಯುತ್ ಕಚೇರಿಗೆ ಖಾರವಾಗಿ ಕಾಗದ ಬರೆದಳು. ಲೈನ್‌ಮನ್ ಬಂದು ತನ್ನ ಮೀಟರಿನಲ್ಲಿ ನೋಡಿ, ಇನ್ನೂರ ಮೂವತ್ತೊಂದೇ ಇದೆಯಲ್ಲ ಮೇಡಂ ಅಂದ. ನಿಮ್ಮ ಮೀಟರಿಗೆ ನಿದ್ದೆ ಬಂದಿರಬೇಕು ಅಂದಳು ಇವಳು. ಎರಡನೆಯ ಕಾಗದಕ್ಕೂ ಪಾಪ, ಬಂದ. ಮೂರನೆಯದಕ್ಕೆ ಬರಲಿಲ್ಲ. ಅದನ್ನು ಅವಳು ತನ್ನ ಗೆಲುವು ಅಂತ ಲಾಂಡ್ರಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು.

ಅಷ್ಟರಲ್ಲಿ ಸೂಪರ್‌ವೈಸರು ಮೂರು ಪಾಳಿಗೂ ಒಂದೊಂದು ಹೊಸ ಮೀಟರ್ ಕೊಳ್ಳಬೇಕೆಂದು ತೀರ್ಮಾನಿಸಿದರು. ಯಾವುದು ನಂಬಿಕಸ್ಥ ಅಂತ ಆರಿಸುವ ಕೆಲಸ ಸಹಜವಾಗಿಯೇ ಇವಳ ಪಾಲಿಗೆ ಬಂತು. ಕರೆಂಟಕ್ಕನಿಗೆ ತಲೆಯ ಮೇಲೆ ಎರಡು ಕೊಂಬು ಮೂಡಿದವು. ಅಂಗಡಿಯವರು ಪರೀಕ್ಷೆಗೆ ಮೂರು ಬಗೆ ಕಳಿಸಿಕೊಟ್ಟರು. ಅವಳು ಬಟ್ಟೆ ಮಡಚುವ ಉದ್ದನೆಯ ಮೇಜಿನ ಮೇಲೆ ಬಿಳಿ ಹೊದಿಕೆ ಹಾಸಿ, ಹೆಣ್ಣು ನೋಡಲು ಬಂದ ಗಂಡಿನ ತಾಯಿಯ ಗತ್ತಿನಲ್ಲಿ ಕುಳಿತಳು. ಬಾಯ್ಲರ್ ನೋಡಿಕೊಳ್ಳುವ ಮುದುಕನನ್ನು ಸಾಕ್ಷಿಗೆ ಕರೆಸಿದಳು. ಒಂದೇ ಸಾಕೆಟ್ಟಿನಲ್ಲಿ ಒಂದೊಂದಾಗಿ ಅಳೆದಾಗ ಮೂರೂ ಇನ್ನೂರ ಮೂವತ್ತರಿಂದ ಮೂವತ್ತೆರಡರ ಒಳಗೇ ನಿಂತವು. ಇವಳದ್ದು ಈಗ ಇನ್ನೂರ ಎಪ್ಪತ್ತೆರಡು.

ಮೂರನ್ನೂ ‘ದೋಷಪೂರಿತ’ ಅಂತ ಚೀಟಿ ಅಂಟಿಸಿ ವಾಪಸು ಕಳಿಸಿದಳು.

ಅಂಗಡಿಯವರು ತಾಳ್ಮೆಯಿಂದ ಬೇರೆ ಮೂರು ಕಳಿಸಿದರು. ಅವೂ ಅದೇ ರಾಗ ಹಾಡಿದವು. ಬಾಯ್ಲರ್ ಮುದುಕ ಗಡ್ಡ ಕೆರೆದುಕೊಳ್ಳುತ್ತಾ ಮೆಲ್ಲಗೆ ಬಾಯಿಬಿಟ್ಟ.

“ಅಕ್ಕಾ, ಆರು ಜನ ಸೇರಿ ಒಂದೇ ಸುಳ್ಳು ಹೇಳೋದು ಬಹಳ ಕಷ್ಟ.”

ಈಗಿನ ಕಾಲದಲ್ಲಿ ಎಲ್ಲ ಒಂದೇ ಕಾರ್ಖಾನೆಯಲ್ಲಿ ತಯಾರಾಗುತ್ತವೆ, ನಿಮಗೆ ಗೊತ್ತಾಗಲ್ಲ ಬಿಡಿ ಅಂದಳು. ಅಂದಳೇ ಹೊರತು, ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ದಿನವಿಡೀ ಕಾಡಿತು.

ಸಂಜೆ ಕೆಲಸ ಬಿಟ್ಟವಳು ನೇರ ಗಂಡನ ಅಂಗಡಿಗೆ ಹೋದಳು. ಅವನು ಗಡಿಯಾರ ರಿಪೇರಿಯವನು, ಮಾತು ಕಡಿಮೆ. ಇವಳು ಬೀದಿಗೆಲ್ಲ ಕೇಳುವಂತೆ ಆರು ಮೀಟರುಗಳ ಮೋಸವನ್ನು ವರ್ಣಿಸುತ್ತಿದ್ದರೆ, ಅವನು ಗಡಿಯಾರದ ಹೊಸ ಸೆಲ್ಲೊಂದನ್ನು ಪೊಟ್ಟಣದಿಂದ ಬಿಡಿಸಿ, ಇದನ್ನು ಅಳೆದು ನೋಡು ಅಂತ ಮುಂದಿಟ್ಟ. ಒಂದೂವರೆ ವೋಲ್ಟಿನ ಸೆಲ್ಲು. ಹಳದಿ ಮೀಟರ್ ಒಂದೂಮುಕ್ಕಾಲು ದಾಟಿಸಿ ತೋರಿಸಿತು. ಗಂಡ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ ಮೀಟರಿನ ಪರದೆಗೆ ಬಾಗಿದ.

“ಮೂಲೇಲಿ ಬ್ಯಾಟರಿ ಗುರುತು ಬಂದಿದೆಯಲ್ಲೇ. ಇದಕ್ಕೆ ಬ್ಯಾಟರಿ ಯಾವಾಗ ಹಾಕಿದ್ದು?”

ಕರೆಂಟಕ್ಕನಿಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಆ ಗುರುತನ್ನು ಅವಳು ತಿಂಗಳುಗಟ್ಟಲೆ ನೋಡಿದ್ದಳು. ಕೊಳೆ ಅಂದುಕೊಂಡು ಸೆರಗಿನಿಂದ ಎಷ್ಟು ಸಲ ಉಜ್ಜಿದ್ದಳೋ. ಓದುವ ಕನ್ನಡಕ ಬೇಕಾಗಿದೆ ಅಂತ ಒಪ್ಪಿಕೊಳ್ಳಲು ಬಿಗುಮಾನ. ಒಳಗಿನ ಬ್ಯಾಟರಿ ಸೊರಗಿದಷ್ಟೂ ಮೀಟರ್ ಅಂಕಿ ಏರಿಸುತ್ತಾ ಹೋಗಿತ್ತು, ಇವಳು ಪ್ರತಿ ಏರಿಕೆಗೂ ವಿದ್ಯುತ್ ಕಚೇರಿಯವರನ್ನು ಬೈದಿದ್ದಳು. ಗಂಡ ಡ್ರಾಯರಿನಿಂದ ಹೊಸ ಬ್ಯಾಟರಿ ತೆಗೆದು ಹಾಕಿದ. ಅಂಗಡಿಯ ಪ್ಲಗ್ಗಿಗೆ ಹಿಡಿದರೆ ಇನ್ನೂರ ಮೂವತ್ತು. ಅವನು ಮತ್ತೆ ತನ್ನ ಗಡಿಯಾರದ ಕೆಲಸಕ್ಕೆ ಬಾಗಿದ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ, ತಿರುಗಿ ಬೈಯಲಾದರೂ ಅವಕಾಶ ಸಿಗುತ್ತಿತ್ತು.

ಹಾಗಾದರೆ ಮೋಟಾರ್ ಸುಟ್ಟದ್ದೇಕೆ? ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಯಂತ್ರದ ಹಿಂದಿನ ತಗಡು ಬಿಚ್ಚಿದಳು. ಮೋಟಾರಿಗೆ ಗಾಳಿಯಾಡುವ ಕಿಂಡಿಗಳಲ್ಲಿ ಹೊದಿಕೆ, ಹಾಸುಗಳಿಂದ ಉದುರಿದ ನಾರು ಸಣ್ಣದೊಂದು ದಿಂಬಿಗೆ ಆಗುವಷ್ಟು ತುಂಬಿಕೊಂಡಿತ್ತು. ಆ ಕಿಂಡಿಗಳನ್ನು ತಿಂಗಳಿಗೊಮ್ಮೆ ಶುಚಿ ಮಾಡಬೇಕಾದವರು ಯಾರು ಅಂತ ಗೋಡೆಯ ಪಟ್ಟಿಯಲ್ಲಿ ಬರೆದಿತ್ತು. ಅಲ್ಲಿದ್ದ ತನ್ನ ಹೆಸರನ್ನು ಓದಲು ಕನ್ನಡಕವೂ ಬೇಕಿರಲಿಲ್ಲ.

ಅಂಗಡಿಯವರಿಗೆ ಫೋನ್ ಮಾಡಿ, ‘ದೋಷಪೂರಿತ’ ಮೂರನ್ನೂ ಮತ್ತೆ ಕಳಿಸಿ ಅಂತ ಕೇಳುವಾಗ ಅವಳ ದನಿ ಎಷ್ಟು ನಯವಾಗಿತ್ತೆಂದರೆ, ಅವರು ಯಾರು ಮಾತಾಡೋದು ಅಂತ ಎರಡು ಸಲ ಕೇಳಿದರು. ಈ ಸಲ ಹೊಸದಾಗಿ ಕೊಂಡ ಕನ್ನಡಕ ಹಾಕಿಕೊಂಡೇ ಕುಳಿತಳು. ಗಂಡನಿಂದ ತಂದ ಹೊಸ ಸೆಲ್ಲಿಗೆ ಆರನ್ನೂ ಹಿಡಿದಳು. ವೈರುಗಳನ್ನು ಬಗ್ಗಿಸಿ, ಜಗ್ಗಿ ನೋಡಿದಳು. ಚಂದದ ಪುಟಾಣಿಯೊಂದರ ವೈರು ತುದಿಯಲ್ಲೇ ಕಿತ್ತು ಬರುವಂತಿತ್ತು. ಇನ್ನೊಂದರ ಒಳಗೆ ಹೆಚ್ಚು ಕರೆಂಟ್ ಹರಿದರೆ ತಡೆಯುವ ಫ್ಯೂಸೇ ಇರಲಿಲ್ಲ. ಒಂದೊಂದನ್ನೇ ಬದಿಗಿಟ್ಟು ಕೊನೆಗೆ ಉಳಿದದ್ದು ಆರರಲ್ಲೂ ಅತಿ ಕುರೂಪಿ. ಇಟ್ಟಿಗೆಯಷ್ಟು ಭಾರ, ಬೆರಳು ಜಾರದಂತೆ ಹಿಡಿಕೆಗೆ ತಡೆ, ಕಾರ್ಖಾನೆ ಯಂತ್ರಗಳಿಗೂ ಬಳಸಬಹುದೆಂಬ ಮುದ್ರೆ. ಅದರ ಬ್ಯಾಟರಿ ಗುರುತು ಹೆಬ್ಬೆರಳಿನ ಉಗುರಿನಷ್ಟಿತ್ತು. ಇದೇ ಇರಲಿ ಅಂದಳು. ಕುರುಡರಿಗೂ ಆಗುತ್ತೆ ಅಂತ ಬಾಯ್ಲರ್ ಮುದುಕ ಗೋಡೆಗೆ ಹೇಳಿದ.

ಲೈನ್‌ಮನ್‌ನನ್ನು ಹುಡುಕಿಕೊಂಡು ಹೋದದ್ದು ಅದರ ಮರುದಿನ. ಅವನು ಕಂಬದ ಮೇಲಿದ್ದ. ಇವಳನ್ನು ಕಂಡು ಇಳಿಯುವುದೋ ಬೇಡವೋ ಅಂತ ಯೋಚಿಸಿದ ಹಾಗೆ ಕಂಡಿತು. ಕರೆಂಟಕ್ಕ ಕೆಳಗಿನಿಂದಲೇ ಕೂಗಿ ಹೇಳಬೇಕಾಯಿತು.

“ಅಣ್ಣಾ, ನಿದ್ದೆ ಬಂದಿದ್ದು ನನ್ನ ಮೀಟರಿಗೆ. ತಪ್ಪಾಯ್ತು.”

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಲೈನ್‌ಮನ್ ಕೈಯಲ್ಲಿದ್ದ ತಂತಿಯನ್ನು ಬಿಗಿದ. ಆಮೇಲೆ, ಅವನ ಬಾಯಲ್ಲಿ ಟೇಪಿನ ತುಂಡು ಇದ್ದದ್ದರಿಂದ ಅಸ್ಪಷ್ಟವಾಗಿ, ಕೇಳಿಸಲಿಲ್ಲ ಮೇಡಂ, ಇನ್ನೊಂದು ಸಲ ಹೇಳಿ ಅಂದ. ಕೇಳಿಸಿದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಇನ್ನೊಂದು ಸಲ, ಮೊದಲಿಗಿಂತ ಜೋರಾಗಿ ಹೇಳಿದಳು.