ತಾತ ಮೆಲ್ಲಗೆ ಮಾತಾಡಿದ ದಿನ

ಶೇಂಗಾ ಹಿಂಡಿಯ ಬಿಸಿ ವಾಸನೆ ಮೂಗಿಗೆ ಬಡಿದರೆ ಸಾಕು, ಚಳ್ಳಕೆರೆಯ ನಮ್ಮ ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಮನೆಗೆ ಅಂಟಿಕೊಂಡೇ ತಾತನ ಎಣ್ಣೆ ಮಿಲ್ಲು. ಬೆಳಗಿನಿಂದ ಸಂಜೆಯವರೆಗೆ ಯಂತ್ರದ ಗಡಗಡ ನಿಲ್ಲುತ್ತಿರಲಿಲ್ಲವಾದ್ದರಿಂದ ಉಪ್ಪು ಕೇಳುವುದಕ್ಕೂ ನಾವು ಗಂಟಲು ಹರಿದುಕೊಳ್ಳಬೇಕಿತ್ತು. ಅದೇ ರೂಢಿಯಾಗಿ, ಯಂತ್ರ ನಿಂತ ಮೇಲೂ ಹಾಗೆಯೇ ಕೂಗುತ್ತಿದ್ದೆವು. ನಮಗೆ ಅದು ಪ್ರೀತಿಯ ಮಾತು, ಹೊರಗಿನವರಿಗೆ ಜಗಳ. ತಾತನ ಕಿರಿಮಗಳು ಗಿರಿಜತ್ತೆಗೆ ಕೂಡಿಬಂದಿದ್ದ ಮೊದಲ ಸಂಬಂಧ ತಪ್ಪಿದ್ದೂ ಅದರಿಂದಲೇ. ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದು ತಾತ ಮಾಡಿದ ಉಪಚಾರಕ್ಕೇ ಬೆದರಿದ ಗಂಡಿನವರು, ಆ ಮನೆಯವರು ಬರೀ ಜಗಳಗಂಟರು ಎಂದು ಹೇಳಿಕಳಿಸಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು.

ಎರಡನೆಯ ಸಂಬಂಧ ಮೊಳಕಾಲ್ಮೂರಿನದು. ರೇಷ್ಮೆ ಸೀರೆ ವ್ಯಾಪಾರದವರು, ಸೀರೆ ಮಡಿಸಿದಷ್ಟೇ ಮೆತ್ತಗೆ ಮಾತಾಡುವವರು. ಇದೂ ತಪ್ಪಿದರೆ ಅತ್ತೆಗೆ ಇನ್ನು ಗಂಡು ಸಿಗುವುದಿಲ್ಲವೆಂದು ಅಜ್ಜಿ ಊಟ ಬಿಟ್ಟಳು. ನಮ್ಮಲ್ಲಿ ನಿಶ್ಚಿತಾರ್ಥದ ದಿನ ವೀಳ್ಯ ಬದಲಾಯಿಸುವ ಮುನ್ನ ಹೆಣ್ಣಿನ ತಂದೆ ಎದ್ದು ನಿಂತು ಹಿರಿಯರೆದುರು ನಾಲ್ಕು ಮಾತಾಡಬೇಕು. ಆ ನಾಲ್ಕು ಮಾತಿಗಾಗಿ ಮನೆಯೆಲ್ಲ ಉಸಿರು ಬಿಗಿಹಿಡಿಯಿತು. ಮಿಲ್ಲು ನಿಲ್ಲಿಸಿ, ಶೇಂಗಾ ಒಣಹಾಕುವ ಕಣದಲ್ಲಿ ಅಜ್ಜಿ ತಾತನಿಗೆ ತಾಲೀಮು ಕೊಟ್ಟಳು. "ನಮ್ಮ ಹುಡುಗೀನ ನಿಮ್ಮ ಮಗಳು ಅಂದ್ಕಳ್ಳಿ" ಎಂದು ತಾತ ಶುರು ಮಾಡಿದರೆ ಗುಬ್ಬಿಗಳು ಹಾರಿಹೋಗುತ್ತಿದ್ದವು.

"ಮೆಲ್ಲಕ್ಕೆ ಅನ್ರಿ. ಅವರೇನು ಹತ್ತೂರಾಚೆ ದೇವಸಮುದ್ರದಾಗೆ ಕುಂತಿರ್ತಾರಾ?" ಎಂದಳು ಅಜ್ಜಿ.

"ಮೆಲ್ಲಕ್ಕೆ ಅಂದ್ರೆ ನಂಗೇ ಕೇಳಲ್ಲ ಕಣೇ. ಮಾತು ಹೊರಗೆ ಬಂತೋ ಒಳಗೇ ಐತೋ, ಹೆಂಗೆ ತಿಳೀಬೇಕು?" ಎಂದ ತಾತ.

ಮಿಲ್ಲು ತಾತನ ಕಿವಿಯನ್ನು ತಿಂದುಹಾಕಿದೆಯೆಂದು ನಮಗೆ ಹೊಳೆದದ್ದು ಆಗಲೇ. ಆದರೂ ಬೇರೆ ದಾರಿ ಇರಲಿಲ್ಲ. "ನೀನಂತೂ ತುಟಿ ಬಿಚ್ಚಬ್ಯಾಡ" ಎಂದು ಅತ್ತೆಗೂ ತಾಕೀತಾಯಿತು.

ನಿಶ್ಚಿತಾರ್ಥದ ದಿನ ಪಡಸಾಲೆ ತುಂಬಿತ್ತು. ತಾತ ಎದ್ದು ನಿಂತ. ತುಟಿ ಅಲುಗಿತು, ದನಿ ಕೇಳಲಿಲ್ಲ. ಗಂಡಿನವರು ಮುಖ ಮುಖ ನೋಡಿಕೊಂಡರು. "ಯಜಮಾನ್ರಿಗೆ ಒಪ್ಪಿಗೆ ಇಲ್ಲೇನ್ರಿ?" ಎಂದು ಅವರ ಕಡೆಯ ಹಿರಿಯರೊಬ್ಬರು ಕೇಳಿಯೇಬಿಟ್ಟರು. ತನ್ನ ಮಾತು ತನಗೇ ಕೇಳದೆ, ಎಲ್ಲಿಗೆ ಬಂದೆನೆಂದು ತಿಳಿಯದೆ, ತಾತ ಮತ್ತೆ ಮೊದಲಿಂದ ಶುರು ಮಾಡಿ ಮಧ್ಯದಲ್ಲೇ ನಿಂತುಬಿಟ್ಟ. ನನಗೆ ಅಳು ಬಂತು. ಅಷ್ಟರಲ್ಲಿ, ತಲೆ ತಗ್ಗಿಸಿ ಮಣೆಯ ಮೇಲೆ ಕೂತಿದ್ದ ಅತ್ತೆ ಮುಖವೆತ್ತಿ ಮಿಲ್ಲಿನ ದನಿಯಲ್ಲೇ ಕೂಗಿದಳು: "ಅಪ್ಪಾ, ಜೋರಾಗಿ ಹೇಳಪ್ಪ. ನಂಗೆ ಕೇಳಬೇಕು."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲ ಮುಗಿಯಿತೆಂದೇ ನಾವು ತಿಳಿದೆವು. ತಾತ ಮಾತ್ರ ಮಗಳನ್ನೇ ನೋಡುತ್ತ, ಬೀದಿಗೆಲ್ಲ ಕೇಳುವಂತೆ ತನ್ನ ನಾಲ್ಕು ಮಾತನ್ನು ಕೊನೆಯವರೆಗೂ ಹೇಳಿದ. ಗಂಡಿನ ತಾಯಿ ತಮ್ಮವರತ್ತ ತಿರುಗಿ, "ಹಿಂಗೆ ಅಪ್ಪನ ಕಡೆ ನಿಲ್ಲೋ ಹುಡುಗಿ ನಾಳೆ ನಮ್ಮನ್ನೂ ಬಿಟ್ಟುಕೊಡಲ್ಲ. ವೀಳ್ಯ ತರ್ರಿ" ಎಂದರು. ಏನಂದರು ಎಂದು ತಾತ ಕೇಳಿದಾಗ ಮನೆಮಂದಿಯೆಲ್ಲ ಒಟ್ಟಿಗೇ ಕೂಗಿ ಹೇಳಿದೆವು.

ಮಿಲ್ಲು, ಮನೆ ಇದ್ದ ಜಾಗದಲ್ಲಿ ಈಗ ಕಲ್ಯಾಣ ಮಂಟಪವಿದೆ. ತಾತ, ಅಜ್ಜಿ ಹೋಗಿ ಬಹಳ ವರ್ಷವಾಯಿತು. ಗಿರಿಜತ್ತೆ ಕಳೆದ ಬೇಸಿಗೆಯಲ್ಲಿ ಹೋದಳು. ನಾಳೆ ಅದೇ ಮಂಟಪದಲ್ಲಿ ನನ್ನ ಮಗಳ ನಿಶ್ಚಿತಾರ್ಥ. ತಂದೆಯಾಗಿ ಆಡಬೇಕಾದ ನಾಲ್ಕು ಮಾತು ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಿದ್ದೇನೆ. ಮೈಕ್ ಇರುತ್ತದೆ, ಎಷ್ಟು ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆ ಎನ್ನುತ್ತಾಳೆ ಮಗಳು. ಮಗಳನ್ನು ಕಳಿಸಿಕೊಟ್ಟವರಿಗೆ ನನ್ನ ದಿಗಿಲು ಗೊತ್ತು. ತಾತನಂತೆ ನಡುವೆ ಮಾತು ನಿಂತರೆ, ಜೋರಾಗಿ ಹೇಳು ಎನ್ನಲು ಅತ್ತೆ ಇಲ್ಲ.