ಜ್ವರ ಇಳಿದ ಮೇಲಿನ ಮಾತ್ರೆ

ಅಂದು ಬೆಳಿಗ್ಗೆ ಹಾಲು ಉಕ್ಕುವುದನ್ನೇ ಕಾಯುತ್ತ ನಿಂತಿದ್ದೆ. ಮೂರು ಸಲ ಉಕ್ಕದೆ ಒಲೆಯಿಂದ ಇಳಿಸುವುದಿಲ್ಲ. ನಮ್ಮವರ ಕಾಯಿಲೆ ಏನೆಂದು ಗೊತ್ತಾದ ದಿನದಿಂದ ಅಂಟಿಕೊಂಡ ಅಭ್ಯಾಸ. ಅವರು ಎಂಟು ಗಂಟೆಯ ಬಸ್ಸಿಗೆ ಗಂಡಸಿ ಊರಿನ ನಮ್ಮ ತೋಟಕ್ಕೆ ಹೋಗಿಯಾಗಿತ್ತು, ತೆಂಗಿನಕಾಯಿ ಕೆಡವಿಸುವ ದಿನ. ಹಾಲು ಇಳಿಸಿ, ಬಟ್ಟೆ ನೆನೆಹಾಕಲು ಹಿತ್ತಲಿಗೆ ಹೋದೆ. ಅವರ ಬನಿಯನ್ನು ಕೈಗೆ ಬಂತು. ಬೆಳ್ಳಗಿತ್ತು.

ಬೆಳ್ಳಗಿರಬಾರದಿತ್ತು. ಅವರು ನುಂಗುವ ಎರಡು ಬಗೆಯ ಮಾತ್ರೆಗಳಲ್ಲಿ ಕೆಂಪನೆಯದು ಬೆವರಿಗೂ ಮೂತ್ರಕ್ಕೂ ಕಿತ್ತಳೆ ಬಣ್ಣ ತರುತ್ತದೆ, ಹೆದರಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕಂಕುಳ ಬಳಿಯ ಆ ಕಲೆಯನ್ನು ಮೂರು ವಾರದಿಂದ ತಿಕ್ಕುತ್ತಿದ್ದೆ. ಈಚೆಗೆ ಅದು ತೆಳುವಾಗುತ್ತಿದ್ದುದನ್ನು ಹೊಸ ಸೋಪಿನ ಗುಣ ಎಂದುಕೊಂಡಿದ್ದೆ, ಪೆದ್ದಿ! ಒದ್ದೆ ಕೈಯಲ್ಲೇ ಒಳಗೆ ಹೋಗಿ ಬೀರುವಿನ ಮೇಲಿನ ಡಬ್ಬಿ ತೆಗೆದೆ. ಮಾತ್ರೆಯ ಪಟ್ಟಿಗಳ ಬೆನ್ನಿಗೆ ನಾನೇ ಪೆನ್ನಿನಲ್ಲಿ ವಾರಗಳ ಹೆಸರು ಬರೆದಿಟ್ಟಿದ್ದೆ. ಗುರುವಾರದಿಂದ ಭಾನುವಾರದ ತನಕ ಒಂದೂ ಒಡೆದಿರಲಿಲ್ಲ.

ಫೋನ್ ಮಾಡಿದೆ.

"ರೀ, ಮಾತ್ರೆ ಬಿಟ್ಟಿದೀರಾ?"

"ಬಿಟ್ಟಿಲ್ಲ ಕಣೇ, ಸ್ವಲ್ಪ ರೆಸ್ಟ್ ಕೊಟ್ಟಿದೀನಿ. ಹೊಟ್ಟೆ ತೊಳಸ್ತದೆ. ಜ್ವರ ಎಲ್ಲೈತೆ ಈಗ? ಆಳುಗಳ ಜೊತೆ ನಾನೂ ಕಾಯಿ ಹೊರ್ತಿದೀನಿ, ಬಂದು ನೋಡು."

"ಡಾಕ್ಟರು ಆರು ವಾರ ಅಂದಿದಾರಲ್ಲ..."

"ನೀನು ಕಾನ್ವೆಂಟಲ್ಲಿ ಓದಿದೋಳು. ಬಿಳಿ ಕೋಟು ಹಾಕ್ಕೊಂಡೋರೆಲ್ಲ ನಿಂಗೆ ಸಿಸ್ಟರ್‌ಗಳೇ!" ನಗುತ್ತಲೇ ಇಟ್ಟುಬಿಟ್ಟರು.

ಇದೆಲ್ಲ ಶುರುವಾದದ್ದು ತೋಟದ ಹಸುವಿನಿಂದ. ಬಸ್ತಿಹಳ್ಳಿಯಿಂದ ತಂದ ಹಸು ಏಳು ತಿಂಗಳಿಗೇ ಕಂದು ಹಾಕಿತು. ಸತ್ತ ಕರುವಿನ ಹಿಂದೆ ಮಾಸು ಬೀಳಲಿಲ್ಲ. ನಮ್ಮವರು ಬರಿಗೈ ಹಾಕಿ ಎಳೆದರು. ಹಿಂದಿನ ದಿನ ಕಾಯಿ ಸುಲಿದು ಬೆರಳೆಲ್ಲ ತರಚಿತ್ತು. ಎಳೆದದ್ದನ್ನು ಹೂಳಲೂ ಇಲ್ಲ. ಮಾಸನ್ನು ಆಲದ ಮರಕ್ಕೆ ಕಟ್ಟಿದರೆ ಹಸು ಚೆನ್ನಾಗಿ ಹಾಲು ಕೊಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕರು ಹೋದರೂ ಹಾಲಾದರೂ ಉಳಿಯಲೆಂದು ಗೋಣಿಚೀಲಕ್ಕೆ ತುಂಬಿ ಹೊತ್ತುಕೊಂಡು ಹೋದರು. ಚೀಲ ಸೋರಿ ಮೊಣಕೈವರೆಗೆ ಇಳಿದಿತ್ತು. ತಿಂಗಳೊಳಗೆ ಸಂಜೆಯಾದರೆ ಜ್ವರ, ಸೊಂಟನೋವು, ಮೈಯೆಲ್ಲ ಬೆವರು. ಟೈಫಾಯಿಡ್ ಎಂದು ಒಬ್ಬರು ಮದ್ದು ಕೊಟ್ಟರು. ಎರಡನೆಯ ಡಾಕ್ಟರು ಮಾತ್ರ, "ಮನೇಲಿ ಹಸು ಇದೆಯಾ?" ಎಂದು ಕೇಳಿ ರಕ್ತಪರೀಕ್ಷೆಗೆ ಬರೆದರು. ಕಂದು ಹಾಕಿದ ಹಸುವಿನ ಮಾಸಿನಿಂದ, ಕಾಯಿಸದ ಹಾಲಿನಿಂದ ಮನುಷ್ಯರಿಗೂ ಅಂಟುವ ರೋಗವೆಂದು ಗೊತ್ತಾಯಿತು.

ಶಾಲೆಯಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಬಿಳಿ ರಕ್ತಕಣ ಬರೆದದ್ದು ನನಗಿನ್ನೂ ನೆನಪಿದೆ. ಅದು ಸೀಮೆಸುಣ್ಣದ ತೋಳು ಚಾಚಿ ರೋಗಾಣುವನ್ನು ನುಂಗುತ್ತಿತ್ತು, ಅಲ್ಲಿಗೆ ಪಾಠ ಮುಗಿಯುತ್ತಿತ್ತು. ನುಂಗಿದ್ದು ಸಾಯದೇ ಇರಬಹುದೆಂದು ಹೇಳಿದ್ದು ಈ ಡಾಕ್ಟರು. ಈ ಬ್ಯಾಕ್ಟೀರಿಯಾ ಸುಮ್ಮನೆ ನುಂಗಿಸಿಕೊಳ್ಳುತ್ತದಂತೆ. ತನ್ನ ಮೇಲೆ ಜೀರ್ಣರಸ ಬಂದು ಬೀಳದ ಹಾಗೆ ನೋಡಿಕೊಂಡು, ಕೊಲ್ಲಬೇಕಾದ ಕಣದ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದಂತೆ. ರಕ್ತದಲ್ಲಿ ತಿರುಗುವ ಪ್ರತಿಕಾಯಗಳಿಗೆ ಆ ಬಾಗಿಲು ದಾಟಲು ಆಗುವುದಿಲ್ಲ. ಟಿ ಕಣಗಳೆಂಬ ಇನ್ನೊಂದು ಬಗೆಯವು ಬಂದು, ಒಳಗೇನೋ ಇದೆಯೆಂದು ಗುರುತು ಹಿಡಿದು, ನುಂಗಿದ ಕಣವನ್ನೇ ಕೆರಳಿಸಬೇಕು. ಆಗ ಅದು ತನ್ನೊಳಗಿನದನ್ನು ಸುಡುತ್ತದೆ. ನಿಧಾನದ ಕೆಲಸ. ಅದಕ್ಕೇ ಕಣದೊಳಕ್ಕೂ ಇಳಿಯುವ ಔಷಧಿ, ಅದಕ್ಕೇ ಆರು ವಾರ.

"ಜ್ವರ ಬೇಗ ಬಿಡುತ್ತಮ್ಮ," ಎಂದಿದ್ದರು. "ಬಿಡ್ತು ಅಂದ್ರೆ ರೋಗಾಣು ಹೋಯ್ತು ಅಂತಲ್ಲ. ನಡುವೆ ಮಾತ್ರೆ ನಿಲ್ಲಿಸಿದ್ರೆ ಮತ್ತೆ ಎದ್ದು ಬೆನ್ನುಮೂಳೆಗೆ ಇಳಿದ್ರೂ ಇಳೀತು."

ಬೆನ್ನುಮೂಳೆ. ಅವರು ಈಗ ಕಾಯಿ ಹೊರುತ್ತಿರುವ ಬೆನ್ನು.

ಬನಿಯನ್ನು ಒಗೆದು ಹರವಿದೆ, ಒಣಗಿತೋ ಎಂದು ಐದು ಸಲ ಮುಟ್ಟಿದೆ. ಅಕ್ಕಿ ಆರಿಸಲು ಕುಳಿತು, ಆರಿಸಿದ್ದನ್ನೇ ಮತ್ತೆ ಆರಿಸಿದೆ. ರೈಲು ಕೂಗಿದಾಗಲೆಲ್ಲ ಗೇಟಿನ ತನಕ ಹೋಗಿ ಬಂದೆ, ಅವರು ಬರುವುದು ಬಸ್ಸಿನಲ್ಲೆಂದು ಗೊತ್ತಿದ್ದೂ. ಮತ್ತೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬಂದ ಕೂಡಲೇ ಏನೆನ್ನಬೇಕೆಂದು ಮಾತು ಜೋಡಿಸಿ, ಅಡುಗೆಮನೆಯಲ್ಲಿ ಒಬ್ಬಳೇ ಆಡಿ ನೋಡಿದೆ. ನನ್ನ ದನಿ ನನಗೇ ತೀರಾ ಮೆತ್ತಗೆ ಕೇಳಿಸಿತು. ಜ್ವರ ಮರಳದಿದ್ದರೆ ಅವರೇ ಗೆದ್ದಂತೆ, ಉಳಿದ ಮಾತ್ರೆ ಮುಟ್ಟುವುದಿಲ್ಲ. ಮರಳಿದರೆ ನಾನು ಗೆದ್ದಂತೆ. ಅಂಥ ಗೆಲುವು ನನಗೆ ಬೇಕಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಪಕ್ಕದ ಮನೆಯಾಕೆ ಸೊಪ್ಪಿನ ಚೀಲ ಹಿಡಿದು ಪೇಟೆಯಿಂದ ಬಂದರು. ಗೇಟಿಗೆ ಒರಗಿ ನಿಂತಿದ್ದ ನನ್ನನ್ನು ಕಂಡು ನಕ್ಕರು.

"ಯಾಕ್ರೀ, ಯಜಮಾನ್ರನ್ನ ಕಾಯ್ತಿದೀರಾ? ಬಸ್‌ಸ್ಟ್ಯಾಂಡ್ ಕಲ್ಲಿನ ಮೇಲೆ ಕೂತವ್ರೆ, ಬತ್ತಾರೆ ಬಿಡಿ. ಅದ್ಯಾವ ಮೈಯಪ್ಪಾ ಅವ್ರದ್ದು! ಇಂಥ ಚಳೀಲಿ ನಾವೆಲ್ಲ ಸೆರಗು ಹೊದ್ದು ನಡುಗ್ತಿದ್ರೆ, ಅವ್ರು ಅಂಗಿ ಗುಂಡಿ ಬಿಚ್ಕಂಡು ಬೆವರು ಒರೆಸ್ಕೊತಾವ್ರೆ ಕಣ್ರೀ."