ದೋರನಹಳ್ಳಿಯ ಕೊಬ್ಬಿದ ಮರಿಗಳು

1957ರ ಸುಗ್ಗಿ. ಹೈದರಾಬಾದ್ ಸೀಮೆಯ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ಮೈಸೂರು ಕಡೆಯವನಾದ ನಾನು ಶಹಾಪುರದ ಪಶು ಆಸ್ಪತ್ರೆಗೆ ಡಾಕ್ಟರಾಗಿ ಬಂದಿದ್ದೆ. ಅಲ್ಲಿನ ಹಳೆಯ ರಿಜಿಸ್ಟರುಗಳೆಲ್ಲ ಉರ್ದುವಿನಲ್ಲಿದ್ದವು. ಓದಲು ಬಾರದು ಎಂದು ಒಪ್ಪಿಕೊಳ್ಳುವ ಬದಲು, ಇನ್ನು ಅವು ಬೇಡವೆಂದು ಗಂಟು ಕಟ್ಟಿಸಿ ಅಟ್ಟಕ್ಕೇರಿಸಿದ್ದೆ. ಹೊಸ ಸರ್ಕಾರದ ಡಾಕ್ಟರೆಂಬ ಜಂಬ!

ಒಂದು ಬೆಳಿಗ್ಗೆ ದೋರನಹಳ್ಳಿಯಿಂದ ಕರೆ ಬಂತು, ಹೋದೆ. ಗೊಬ್ಬರಕ್ಕಾಗಿ ಕೊಯ್ದ ಹೊಲದಲ್ಲಿ ಕುರಿ ತರುಬುವುದು, ಅಂದರೆ ಮಂದೆಯನ್ನು ನಿಲ್ಲಿಸುವುದು, ಅಲ್ಲಿನ ಪದ್ಧತಿ. ಸಿದ್ದಣಗೌಡರ ಜೋಳದ ಹೊಲದಲ್ಲಿ ಬೀರಮ್ಮ ಎಂಬ ಕುರಿಗಾರ್ತಿ ಹಾಗೆ ಇಳಿದಿದ್ದಳು. ನಾಲ್ಕು ದಿನದಲ್ಲಿ ಅವಳ ಒಂಬತ್ತು ಮರಿ ಸತ್ತಿದ್ದವು.

“ನಮ್ಮ ಎತ್ತಿಗೂ ಹತ್ತತದ. ಇವತ್ತ ಈ ಕುರಿ ಎಬ್ಬಿಸ್ರಿ, ಡಾಕ್ಟರ್ ಸಾಹೇಬ್ರ,” ಎಂದರು ಗೌಡರು.

“ಎಬ್ಬಿಸಿದ್ರ ಎಲ್ಲಿಗಿ ಹೋಗ್ಲಿರಿ? ರೋಗದ ಕುರಿ ಅಂತ ಸುದ್ದಿ ಹಬ್ಬ್ಯಾದ. ಯಾರೂ ಇಳಿಸಿಕೊಳ್ಳಂಗಿಲ್ಲ,” ಎಂದಳು ಬೀರಮ್ಮ.

ಜನ ನೆರಡಿ ಎನ್ನುವ ಆಂಥ್ರಾಕ್ಸ್ ಇರಬಹುದೆಂದು ಅವಳೊಂದಿಗೆ ಮಾತೂ ಆಡದೆ ಸತ್ತ ಮರಿಯ ರಕ್ತ ತಂದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅದರ ಸುಳಿವಿರಲಿಲ್ಲ. ತಲೆ ಕೆಡಿಸಿಕೊಂಡು ಕೂತಿದ್ದಾಗ ಕಾಂಪೌಂಡರ್ ಖಾದರ್ ಸಾಹೇಬರು ಮೆಲ್ಲಗೆ ಕೇಳಿದರು: “ಅಟ್ಟದ ಮ್ಯಾಲಿನ ಹಳೇ ದಫ್ತರ್ ಇಳಿಸ್ಲೇನ್ರಿ?”

ಮಧ್ಯಾಹ್ನವೆಲ್ಲ ಅವರು ಓದಿ ಹೇಳಿದರು, ನಾನು ಬರೆದುಕೊಂಡೆ. ವರ್ಷವರ್ಷವೂ ಇಂಥ ಸಾವುಗಳು. ಪ್ರತಿ ಸಲವೂ ಸುಗ್ಗಿಯಲ್ಲಿ, ಜೋಳದ ಹೊಲದಲ್ಲಿ, ಕೊಬ್ಬಿದ ಮರಿಗಳೇ. ನನಗೆ ನಿಜಕ್ಕೂ ನಾಚಿಕೆಯಾಯಿತು. ಇದು ಕರುಳುಬೇನೆ: ಕಾಳು ಅತಿಯಾದಾಗ ಕರುಳಿನಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದು ವಿಷ ಬಿಡುತ್ತದೆ. ಎತ್ತಿಗೆ ಹತ್ತುವ ರೋಗವಲ್ಲ.

ಮತ್ತೆ ಹೋಗಿ, ಮರಿಗಳಿಗೆ ಏನು ತಿನ್ನಿಸಿದೆಯೆಂದು ಬೀರಮ್ಮನನ್ನು ಕೇಳಿದೆ.

“ಬಿದ್ದ ತೆನಿ ಆರಿಸಿ, ಚಲೋ ಮರಿಗೆಲ್ಲ ಕೈಯಾರ ತಿನಿಸೀನ್ರಿ.” ಹೇಳುತ್ತಲೇ ಅವಳಿಗೆ ಹೊಳೆಯಿತು. “ಹಂಗಾರ ನಾನ ಕೊಂದೆನೇನ್ರಿ?”

“ನಿನಗೆ ಗೊತ್ತಿರಲಿಲ್ಲವಮ್ಮ. ಉಳಿದವನ್ನು ಉಳಿಸೋಣ,” ಎಂದೆ.

ಗೌಡರಿಂದ ಎಂಟು ದಿನ ಕೇಳಿ ಪಡೆದೆ. ಮಂದೆ ಅದೇ ಹೊಲದಲ್ಲಿ ತಂಗಬೇಕು. ಆದರೆ ಮೇವು ಗುಡ್ಡದ ಒಣಹುಲ್ಲು ಮಾತ್ರ, ಒಂದು ಕಾಳೂ ಕೂಡದು. ಮರುದಿನವೇ ಎರಡು ಮರಿ ಸತ್ತವು. ಗೌಡರು ಕೋಲು ಹಿಡಿದೇ ಬಂದರು. ಮೊದಲೇ ಕಾಳು ತಿಂದವು ಅವು, ನನ್ನ ಮಾತಿನ ಮೇಲೆ ತಡೆಯಿರಿ ಎಂದು ಅಂಗಲಾಚಿದೆ. ಆಮೇಲೆ ಒಂದೂ ಸಾಯಲಿಲ್ಲ. ಒಂಬತ್ತನೆಯ ದಿನ ಗೌಡರೇ ಬಂದು, ಪಕ್ಕದ ಹೊಲದಲ್ಲೂ ಕುರಿ ತರುಬೆಂದು ಅವಳನ್ನು ಕೇಳಿದರು.

ತಿಂಗಳ ನಂತರ ತಪಾಸಣೆಗೆ ಬಂದ ಮೇಲಧಿಕಾರಿ, ಡಾಕ್ಟರು ಯಾವ ಔಷಧಿ ಕೊಟ್ಟರೆಂದು ಬೀರಮ್ಮನನ್ನು ವಿಚಾರಿಸಿದರು.

“ಔಷಧ ಏನಿಲ್ರಿ. ಮೊದಲ ಸಲ ಬಂದಾಗ ಇವರು ಕುರಿ ನೋಡಿದ್ರು. ಎರಡನೇ ಸಲ ನನ್ನ ಕೇಳಿದ್ರು.”

ನೌಕರಿಯುದ್ದಕ್ಕೂ ನನಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಇದೇ ದೊಡ್ಡದು. ಅಂದಿನಿಂದ ಯಾವ ಹಟ್ಟಿಗೆ ಹೋದರೂ, ಬ್ಯಾಗು ಬಿಚ್ಚುವ ಮೊದಲು ಮೇಯಿಸುವವರ ಪಕ್ಕ ಕೂರುವುದನ್ನು ಕಲಿತೆ.